ಓವೀಡ್ ಅಂಟಿಸಿದ ಕೆಂಪು ಏಡಿ

ಲೂಸಿಯಾನದ ಕಡಲಂಚಿನ ಪೋರ್ಟ್ ಸಲೀನ್ ಊರಿನ ಫುಟ್‌ಬಾಲ್ ತಂಡದಲ್ಲಿ ಓವೀಡ್ ನಾಕ್ಯಾನ್ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನು ಚೆಂಡನ್ನು ಬಗಲಲ್ಲಿಟ್ಟುಕೊಂಡು ಓಡಲಿಲ್ಲ. ಆಟಗಾರರು ತೊಡುವುದೆಲ್ಲ ಅವನ ಕೈ ದಾಟಿ ಹೋಗಬೇಕಾಗಿತ್ತು, ಅಷ್ಟೆ. ಆ ದೇಶದ ಫುಟ್‌ಬಾಲಿನಲ್ಲಿ ಕಾಲಿಗಿಂತ ಹೆಗಲಿಗೆ ಕೆಲಸ ಹೆಚ್ಚು. ಚೆಂಡು ಹಿಡಿದವನನ್ನು ಕೆಡವುವುದೇ ಅರ್ಧ ಆಟ. ಆದ್ದರಿಂದ ಹೆಗಲಿಗೆ ಕಟ್ಟುವ ದಪ್ಪ ಮೆತ್ತೆಗಳು, ತಲೆಗೆ ಹೆಲ್ಮೆಟ್ಟು, ಮುಖದ ಮುಂದಿನ ಕಂಬಿ, ಅದರ ತಿರುಪುಗಳು, ಇವೆಲ್ಲ ಸರಿಯಿಲ್ಲದಿದ್ದರೆ ಹುಡುಗರ ಎಲುಬು ಉಳಿಯುವುದಿಲ್ಲ. ಯಾವ ಆಟಗಾರನ ಎಡ ಹೆಗಲು ಬಲಕ್ಕಿಂತ ಅರ್ಧ ಬೆರಳು ಕೆಳಗಿದೆ, ಯಾರ ತಲೆಗೆ ಬೇಸಗೆಯಲ್ಲಿ ಹೆಲ್ಮೆಟ್ಟು ಬಿಗಿಯಾಗುತ್ತದೆ ಎಂಬುದು ಅವರವರ ತಾಯಂದಿರಿಗಿಂತ ಚೆನ್ನಾಗಿ ಓವೀಡನಿಗೆ ಗೊತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅವನು ಅಕ್ಕರೆಯಿಂದ ಮಾಡುತ್ತಿದ್ದ ಕೆಲಸವೆಂದರೆ ಮಂಗಳವಾರದ ಸ್ಟಿಕ್ಕರ್ ಕೆಲಸ. ಭಾನುವಾರ ಪಂದ್ಯ, ಸೋಮವಾರ ಕೋಚ್ ಕೂತು ಪಂದ್ಯದ ಫಿಲ್ಮ್ ನೋಡುವುದು. ಮಂಗಳವಾರ ಬೆಳಗಾಗುವಷ್ಟರಲ್ಲಿ ಓವೀಡನ ಕೋಣೆಯ ಬಾಗಿಲಡಿ ಕೋಚ್ ಬರೆದ ಒಂದು ಚೀಟಿ ಬಂದು ಬಿದ್ದಿರುತ್ತಿತ್ತು. ಚೆನ್ನಾಗಿ ಆಡಿದವರ ಹೆಲ್ಮೆಟ್ಟಿಗೆ ಹೆಬ್ಬೆರಳಿನಗಲದ ಬಿಳಿ ಕೊಕ್ಕರೆ. ಕೊಕ್ಕರೆ ತಂಡದ ಗುರುತು. ಓವೀಡ್ ಹೆಲ್ಮೆಟ್ಟನ್ನು ಸ್ಪಿರಿಟ್ಟಿನಿಂದ ಒರೆಸಿ, ಉಸಿರು ಬಿಗಿಹಿಡಿದು, ಸಾಲು ಕೊಂಕದಂತೆ ಕೊಕ್ಕರೆಗಳನ್ನು ಕೂರಿಸುತ್ತಿದ್ದ. ಕೆಲಸ ಮುಗಿದ ಮೇಲೆ ಚೀಟಿಯನ್ನು ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದ. ಯಾವ ಕಾಗದವನ್ನೂ ಎಸೆಯುವ ಅಭ್ಯಾಸ ಅವನಿಗಿರಲಿಲ್ಲ.

ಆರು ವರ್ಷದ ಹಿಂದೆ ರೂಫಸ್ ಹ್ಯಾಲೊವೇ ಎಂಬವನು ಕೋಚ್ ಆಗಿ ಬಂದ. ಅವನು ಕೊಕ್ಕರೆಯ ಜೊತೆಗೆ ಇನ್ನೊಂದು ಸ್ಟಿಕ್ಕರ್ ತರಿಸಿದ: ಕೆಂಪು ಏಡಿ. ಪತ್ರಿಕೆಯವರು ಕೇಳಿದರೆ, ಎದುರಾಳಿಯನ್ನು ಹಿಡಿದು ಬಿಡದವನಿಗೆ ಅದು ಎನ್ನುತ್ತಿದ್ದ. ಒಳಗಿನವರಿಗೆ ಬೇರೆ ಅರ್ಥ ಗೊತ್ತಿತ್ತು. ಯಾರ ಹೊಡೆತಕ್ಕೆ ಎದುರಾಳಿಯೊಬ್ಬ ಬಿದ್ದು, ಆ ದಿನ ಮತ್ತೆ ಅಂಗಳಕ್ಕೆ ಬರಲಾರದೆ ಹೋಗುತ್ತಾನೋ, ಅವನಿಗೆ ಏಡಿ. ಏಡಿಯ ಹಿಂದೆಯೇ ಹಣ ತುಂಬಿದ ಒಂದು ಲಕೋಟೆಯೂ ಬರುತ್ತಿತ್ತು. ಅದನ್ನು ಹ್ಯಾಲೊವೇ ತಾನೇ ಕೈಗೆ ಕೊಡುತ್ತಿದ್ದ.

ಓವೀಡನಿಗೆ ಇದೆಲ್ಲ ಗೊತ್ತಿತ್ತು. ಆದರೆ ಗೊತ್ತಿದ್ದುದನ್ನು ಅವನು ಎದುರಿಗಿಟ್ಟುಕೊಂಡು ನೋಡಿರಲಿಲ್ಲ. ಚೀಟಿಯಲ್ಲಿ ಬರೆದಿದ್ದರೆ ಅಂಟಿಸುತ್ತಿದ್ದ. ಏಡಿಯ ಕೊಂಬುಗಳು ಎರಡೂ ಒಂದೇ ಮಟ್ಟದಲ್ಲಿ ಇವೆಯೇ ಎಂದು ಕನ್ನಡಕ ಏರಿಸಿ ನೋಡುತ್ತಿದ್ದ.

ತಂಡದಲ್ಲಿ ಕ್ಯಾಲ್ವರ್ಟ್ ಪುರ್ನೆಲ್ ಎಂಬ ಇಪ್ಪತ್ತಮೂರರ ಹುಡುಗನಿದ್ದ. ಮಿಸಿಸಿಪಿ ಕಡೆಯವನು, ಹಿಂದಿನ ಸಾಲಿನ ರಕ್ಷಣೆಯ ಆಟಗಾರ. ಎದುರಾಳಿಯನ್ನು ಕೆಡವಿದ ಮರುಕ್ಷಣವೇ ಕೈ ಕೊಟ್ಟು ಎಬ್ಬಿಸುವುದು ಅವನಿಗೆ ಎಲ್ಲಿಂದಲೋ ಬಂದ ಅಭ್ಯಾಸ. ಅವನ ಹೆಲ್ಮೆಟ್ಟಿನಲ್ಲಿ ಒಂಬತ್ತು ಕೊಕ್ಕರೆಗಳಿದ್ದವು, ಏಡಿ ಒಂದೂ ಇರಲಿಲ್ಲ. ಬೂಡ್ರೋ ಎಂಬ ಹಿರಿಯ ಆಟಗಾರ, ಐದು ಏಡಿಗಳ ಒಡೆಯ, ಅವನನ್ನು ಒಂದು ದಿನವೂ ಸುಮ್ಮನೆ ಬಿಡುತ್ತಿರಲಿಲ್ಲ.

"ಏನಪ್ಪಾ ಪಾದ್ರಿ, ನಿನ್ನೆ ಅವನನ್ನ ಎಬ್ಬಿಸಿ, ಬಟ್ಟೆ ಕೊಡವಿ, ಮನೇತನಕ ಬಿಟ್ಟು ಬಂದೆಯಂತೆ?"

"ಬಿದ್ದವನನ್ನ ಎಬ್ಬಿಸಿದ್ರೆ ನಿಂಗೇನು ನಷ್ಟ ಬೂಡ್ರೋ?"

"ನಂಗೇನಿಲ್ಲ. ಬರೋ ಭಾನುವಾರ ಅವರಿಗೆ ಕಾಫೀನೂ ಕೊಡು, ಪುಣ್ಯ ಬರುತ್ತೆ."

ಕೋಣೆಯೆಲ್ಲ ನಗುತ್ತಿತ್ತು. ಪುರ್ನೆಲ್ ಕೂಡ ನಗುತ್ತಿದ್ದ. ಆದರೆ ಅವನ ಕಿವಿ ಕೆಂಪಾಗುವುದನ್ನು ಮೂಲೆಯಲ್ಲಿ ತಿರುಪು ಬಿಗಿಯುತ್ತ ಕೂತ ಓವೀಡ್ ನೋಡುತ್ತಿದ್ದ.

ಆ ವರ್ಷ ಹದಿನಾಲ್ಕು ಪಂದ್ಯಗಳ ಋತುವಿನಲ್ಲಿ ಮೂರನೆಯದು ಕೇಪ್ ಲೊರೇನ್ ತಂಡದೊಡನೆ ನಡೆಯಿತು. ಅವರ ಡಾರ್ಸಿ ವಿಟ್ಲೋ ಎಂಬ ಆಟಗಾರ ಚೆಂಡಿಗಾಗಿ ಎತ್ತರಕ್ಕೆ ನೆಗೆದ, ಕೆಳಗಿಳಿದ. ಪುರ್ನೆಲ್ ಅವನ ಮೈಮೇಲೆ ಬಿದ್ದ. ಪುರ್ನೆಲ್ ಎದ್ದು ಕೈ ಚಾಚಿದ. ವಿಟ್ಲೋ ಕೈ ಹಿಡಿಯಲಿಲ್ಲ. ಎರಡೂ ಕೈಯಿಂದ ಮಂಡಿಯನ್ನು ಹಿಡಿದುಕೊಂಡಿದ್ದ. ಅವನನ್ನು ಗಾಡಿಯ ಮೇಲೆ ಮಲಗಿಸಿ ಹೊರಗೆ ಒಯ್ದರು.

ಮಂಗಳವಾರದ ಚೀಟಿಯಲ್ಲಿ ಪುರ್ನೆಲ್‌ನ ಹೆಸರೇ ಇರಲಿಲ್ಲ. ಓವೀಡ್ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹ್ಯಾಲೊವೇ ಮರೆಯುವುದು ಹೊಸದಲ್ಲ. ಹಿಂದೆ ಎರಡು ಸಲ ಕೊಕ್ಕರೆ ಮರೆತಾಗ ಓವೀಡ್ ತಾನೇ ಅಂಟಿಸಿದ್ದ, ಯಾರೂ ಒಂದು ಮಾತು ಆಡಿರಲಿಲ್ಲ. ಈ ಹುಡುಗನಂತೂ ಹೋಗಿ ಕೇಳುವವನಲ್ಲ. ಬೂಡ್ರೋ ಇನ್ನೊಂದು ವಾರ ಅವನನ್ನು ಹುರಿದು ಮುಕ್ಕುತ್ತಾನೆ. ಹೀಗೆಂದುಕೊಂಡು ಓವೀಡ್ ಹಾಳೆಯಿಂದ ಒಂದು ಏಡಿಯನ್ನು ಬಿಡಿಸಿ, ಒಂಬತ್ತು ಕೊಕ್ಕರೆಗಳ ಕೆಳಗೆ ನೇರವಾಗಿ ಒತ್ತಿದ. ಬಿದ್ದ ವಿಟ್ಲೋನ ನೆನಪು ಆ ಹೊತ್ತಿನಲ್ಲಿ ಅವನಿಗೆ ಬರಲೇ ಇಲ್ಲ. ಮುಂದೆ ಇದನ್ನು ನೆನೆದಾಗಲೆಲ್ಲ ಅವನಿಗೆ ಹೆಚ್ಚು ನಾಚಿಕೆಯಾಗುತ್ತಿದ್ದುದು ಈ ಮಾತಿಗೇ.

ಪುರ್ನೆಲ್ ಬಂದು ಹೆಲ್ಮೆಟ್ಟನ್ನು ಎತ್ತಿಕೊಂಡ. ಏಡಿಯ ಮೇಲೆ ಹೆಬ್ಬೆರಳಾಡಿಸಿದ.

"ಓವೀಡ್ ಮಾಮಾ, ಇದು...?"

"ಭಾನುವಾರದ್ದು ಕಣೋ."

ಹುಡುಗ ಏಡಿಯ ಅಂಚಿಗೆ ಉಗುರು ತಾಗಿಸಿದ. ಅಷ್ಟರಲ್ಲಿ ಬೂಡ್ರೋ ಕಂಡು ಕೂಗಿಯೇಬಿಟ್ಟ. "ಅಯ್ಯೋ ನೋಡ್ರೋ, ಪಾದ್ರಿ ಕೊನೆಗೂ ಒಂದು ಪಾಪ ಮಾಡಿದ!" ಎಲ್ಲರೂ ಬಂದು ಅವನ ಬೆನ್ನು ತಟ್ಟಿದರು. ಆ ದಿನದಿಂದ ಅವನನ್ನು ಪಾದ್ರಿ ಎಂದು ಯಾರೂ ಕರೆಯಲಿಲ್ಲ.

ತಿಂಗಳು ತುಂಬುವುದರೊಳಗೆ ಗುಟ್ಟು ಬಯಲಾಯಿತು. ತಂಡದಿಂದ ಹೊರಬಿದ್ದ ಒಬ್ಬ ಆಟಗಾರ ಸಿಟ್ಟಿನಲ್ಲಿ ಲೀಗಿನ ಕಚೇರಿಗೆ ಹೋಗಿ ಲಕೋಟೆಗಳ ಕಥೆಯನ್ನೆಲ್ಲ ಹೇಳಿದ. ವಿಚಾರಣೆಗೆ ಬಂದವರಿಗೆ ಲಕೋಟೆಗಳ ಬಗ್ಗೆ ಬರೆದ ಒಂದು ಅಕ್ಷರವೂ ಸಿಗಲಿಲ್ಲ. ಓವೀಡನ ಮೊಳೆಯಲ್ಲಿದ್ದ ಚೀಟಿಗಳನ್ನು ಯಾರೂ ಕೇಳಲಿಲ್ಲ, ಅವನೂ ತೋರಿಸಲಿಲ್ಲ. ಸಿಕ್ಕಿದ್ದು ಪತ್ರಿಕೆಗಳ ಫೋಟೋಗಳು. ಯಾವ ಪಂದ್ಯದ ಮಾರನೆಯ ವಾರ ಯಾರ ಹೆಲ್ಮೆಟ್ಟಿನಲ್ಲಿ ಏಡಿ ಹೆಚ್ಚಿತು ಎಂದು ಒಂದೊಂದಾಗಿ ಜೋಡಿಸಿ ನೋಡಿದರು. ಆರನೆಯ ಪಂದ್ಯ ಮುಗಿದ ಮರುದಿನ ತೀರ್ಪು ಹೊರಬಿತ್ತು. ಕೋಚ್ ಹ್ಯಾಲೊವೇಗೆ ಒಂದು ವರ್ಷ ಬಹಿಷ್ಕಾರ, ಮಾಲೀಕನಿಗೆ ದಂಡ. ಬೂಡ್ರೋ ಮೊದಲ ದಿನವೇ ಎಲ್ಲವನ್ನೂ ಒಪ್ಪಿಕೊಂಡಿದ್ದರಿಂದ ಅವನಿಗೆ ನಾಲ್ಕು ಪಂದ್ಯ ನಿಷೇಧ. ಪುರ್ನೆಲ್ ತಾನು ಯಾರನ್ನೂ ಬೇಕೆಂದು ಹೊಡೆದಿಲ್ಲ, ಲಕೋಟೆ ಪಡೆದಿಲ್ಲ ಎಂದಿದ್ದ. ಏಡಿ ಕಣ್ಣೆದುರಿಗಿದ್ದೂ ಸುಳ್ಳು ಹೇಳಿದ ಎಂದು ಅವನಿಗೆ ಎಂಟು.

ಎಂಟು ಎಂದರೆ ಉಳಿದ ಪಂದ್ಯಗಳೆಲ್ಲ. ಪುರ್ನೆಲ್‌ನ ಒಪ್ಪಂದ ಆ ಋತುವಿಗೇ ಮುಗಿಯುತ್ತಿತ್ತು. ಅರ್ಧ ಋತು ಆಡದವನನ್ನು, ಅದೂ ಇಂಥ ಹೆಸರು ಹೊತ್ತವನನ್ನು, ಯಾವ ತಂಡವೂ ಮತ್ತೆ ಕರೆಯುವುದಿಲ್ಲ. ಹುಡುಗನ ಆಟವೇ ಮುಗಿಯಿತು ಎಂದು ಓವೀಡನಿಗೆ ಅರ್ಥವಾಯಿತು.

ಹ್ಯಾಲೊವೇ ತನ್ನ ಕೋಣೆಯಲ್ಲಿ ಸಾಮಾನು ಕಟ್ಟುತ್ತಿದ್ದ. ಓವೀಡ್ ಹೋಗಿ ಬಾಗಿಲಲ್ಲಿ ನಿಂತ.

"ಕೋಚ್, ಕೇಪ್ ಲೊರೇನ್ ಪಂದ್ಯದ ಚೀಟೀಲಿ ಪುರ್ನೆಲ್ ಹೆಸರು ಬರೆಯೋದು ಮರೆತಿದ್ರಿ ಅಲ್ವಾ?"

"ಮರೆಯೋದೇನು? ಫಿಲ್ಮನ್ನ ಮೂರು ಸಲ ನೋಡ್ದೆ. ವಿಟ್ಲೋ ಕಾಲು ನೆಲಕ್ಕೆ ಕಚ್ಚಿಕೊಂಡು ಮಂಡಿ ತಿರುಚಿಹೋಯ್ತು. ನಮ್ಮ ಹುಡುಗ ಆಮೇಲೆ ಬಂದು ಬಿದ್ದದ್ದು. ಅದಕ್ಕೆಲ್ಲಾ ಏಡಿ ಕೊಡ್ತಾರೇನಯ್ಯಾ?" ಎಂದು ಅವನು ತಲೆ ಎತ್ತಿದ. "ಮತ್ತೆ ಅವನಿಗೆ ಏಡಿ ಹೆಂಗೆ ಬಂತು ಅಂತ ನಾನೂ ಯೋಚಿಸ್ತಾನೇ ಇದ್ದೆ."

ಓವೀಡ್ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಹ್ಯಾಲೊವೇ ಅವನ ಮುಖವನ್ನು ನೋಡಿ, ಕೈಯಲ್ಲಿದ್ದ ಹಗ್ಗವನ್ನು ಕೆಳಗಿಟ್ಟ.

"ನಿಂದೇನಾ ಆ ಕೆಲಸ? ಅಯ್ಯೋ ಮುದುಕಾ!"

"ಅವರಿಗೆ ಯಾಕೆ ಹೇಳ್ಲಿಲ್ಲ ನೀವು?"

"ಏನಂತ ಹೇಳ್ಲಿ? ಅವನಿಗೆ ನಾನು ಕೊಟ್ಟಿಲ್ಲ, ಮಿಕ್ಕವರಿಗೆಲ್ಲಾ ಕೊಟ್ಟಿದ್ದೀನಿ ಅಂತಾನಾ? ನೋಡು ಓವೀಡ್, ಆ ಮೊಳೇಲಿರೋ ಚೀಟಿ ತಗೊಂಡು ಹೋದ್ರೆ ಒಂದೇ ಚೀಟಿ ಹೋಗಲ್ಲ. ಆರು ವರ್ಷದ್ದೂ ಹೋಗುತ್ತೆ. ನಂಗೆ ಒಂದಿದ್ದದ್ದು ಐದು ವರ್ಷ ಆಗುತ್ತೆ. ನೀನು ಮನೆ ಸೇರ್ತೀಯ. ಯೋಚನೆ ಮಾಡು."

ಓವೀಡ್ ಮನೆಗೆ ಬಂದಾಗ ಹೆಂಡತಿ ಜೆಲ್ಮೀರ್ ಒಲೆಯ ಮೇಲೆ ಕೆಂಪು ಹುರುಳಿಕಾಯಿಬೀಜ ಬೇಯಿಸುತ್ತಿದ್ದಳು. ಆ ಊರಿನಲ್ಲಿ ಸೋಮವಾರವೆಂದರೆ ಬೀಜದ ಸಾರು, ಅನ್ನ. ಅವನು ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಹೇಳಿದ. ಅವಳು ಸೌಟು ಹಿಡಿದೇ ಕೇಳಿದಳು.

"ಹುಡುಗನಿಗೆ ಒಳ್ಳೇದಾಗ್ಲಿ ಅಂತ ತಾನೇ ಮಾಡಿದ್ದು ನೀನು?"

"ಹೂಂ. ಒಬ್ಬನ ಮಂಡಿ ಮುರಿದದ್ದಕ್ಕೆ ಇನ್ನೊಬ್ಬನಿಗೆ ಒಳ್ಳೇದು ಮಾಡೋಕೆ ಹೋದೆ."

ಜೆಲ್ಮೀರ್ ಸಾರು ತಿರುವಿದಳು. "ಆ ಕೆಂಪು ಏಡಿ ಏನು ಅಂತ ನಾನು ನಿನ್ನನ್ನ ಒಂದ್ಸಲ ಕೇಳಿದ್ದೆ. ನೀನು, ಅದು ಆಟದ ವಿಷಯ, ನಿಂಗೆ ತಿಳಿಯಲ್ಲ ಅಂದೆ."

"ಅಂದಿದ್ದೆ."

"ಈಗ ತಿಳೀತು ಬಿಡು. ನಿನ್ನ ಕಂದು ಕೋಟು ಇಸ್ತ್ರಿ ಮಾಡ್ಲಾ? ಅಟ್ಲಾಂಟಾದಲ್ಲಿ ಚಳಿ ಇರುತ್ತೆ."

ಲೀಗಿನ ಕಚೇರಿ ಇದ್ದದ್ದು ಅಟ್ಲಾಂಟಾದಲ್ಲಿ. ಪುರ್ನೆಲ್‌ನ ಮೇಲ್ಮನವಿ ಗುರುವಾರವಿತ್ತು. ಓವೀಡ್ ಮೊಳೆಯಿಂದ ಚೀಟಿಗಳನ್ನೆಲ್ಲ ಬಿಡಿಸಿ ಒಂದು ಬೂಟಿನ ಡಬ್ಬಿಗೆ ತುಂಬಿಕೊಂಡು, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋದ.

ಮನವಿ ಕೇಳಲು ಕೂತವರು ಆಡ್ರಿ ವೆಸ್ಟ್‌ಬರ್ಗ್ ಎಂಬ ನಿವೃತ್ತ ನ್ಯಾಯಾಧೀಶೆ. ಓವೀಡ್ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು, ನಿಂತುಕೊಂಡೇ ನಡೆದದ್ದನ್ನು ಹೇಳಿದ. ಆಕೆ ಕೇಪ್ ಲೊರೇನ್ ಪಂದ್ಯದ ಚೀಟಿಯನ್ನು ಓದಿದರು. ಆಮೇಲೆ ಉಳಿದವುಗಳನ್ನೂ ಒಂದೊಂದಾಗಿ ಓದಿದರು. ಬಹಳ ಹೊತ್ತು ಹಿಡಿಯಿತು. ಎದುರು ಕುರ್ಚಿಯಲ್ಲಿ ಕೂತ ಪುರ್ನೆಲ್, ಏಡಿ ಕೊಟ್ಟದ್ದು ಕೋಚ್ ಅಲ್ಲ ಎಂಬುದನ್ನು ಆಗಷ್ಟೇ ಕೇಳಿದವನು, ಓವೀಡನನ್ನು ನೋಡುತ್ತಿದ್ದ. ಆ ನೋಟ ಸಿಟ್ಟಿನದೋ ಅಲ್ಲವೋ ಓವೀಡನಿಗೆ ತಿಳಿಯಲಿಲ್ಲ.

"ಮೇಡಮ್, ಒಂದು ಮಾತು ಕೇಳಬಹುದಾ?" ಎಂದ ಓವೀಡ್. "ಐದು ಏಡಿ ಇದ್ದವನಿಗೆ ನಾಲ್ಕು ಪಂದ್ಯ. ಏನೂ ಮಾಡದವನಿಗೆ ಎಂಟು. ಇದು ಯಾವ ನ್ಯಾಯ?"

"ತಪ್ಪು ಒಪ್ಪಿಕೊಂಡವರಿಗೆ ಅರ್ಧ ಬಿಡೋದು ಪದ್ಧತಿ, ನಾಕ್ಯಾನ್ ಅವರೇ."

"ಮಾಡದೇ ಇದ್ದವನು ಏನನ್ನ ಒಪ್ಕೋಬೇಕು ಮೇಡಮ್?"

ಆಕೆ ಪುರ್ನೆಲ್ ಕಡೆಗೆ ತಿರುಗಿದರು. "ನಿಮಗೆ ಏಡಿ ಸಿಕ್ಕಾಗ ಏನನ್ನಿಸಿತು?"

ಪುರ್ನೆಲ್‌ನ ಪಕ್ಕದಲ್ಲಿ ಅವನ ವಕೀಲನಿದ್ದ. ವಕೀಲ ಅವನ ತೋಳನ್ನು ಮುಟ್ಟಿದ. ಹುಡುಗ ತೋಳನ್ನು ಎಳೆದುಕೊಂಡ.

"ಮೊದಲು ಬೇಡ ಅನ್ನಿಸ್ತು, ಮೇಡಮ್. ನಾನು ಅವನನ್ನ ಹೊಡೆದೇ ಇರಲಿಲ್ಲ. ಆಮೇಲೆ ಎಲ್ಲರೂ ಬೆನ್ನು ತಟ್ಟಿದ್ರು."

"ಕಿತ್ತು ಹಾಕಬಹುದಿತ್ತಲ್ಲ?"

"ಹಾಕಬಹುದಿತ್ತು."

"ಲಕೋಟೆ?"

"ಬರಲಿಲ್ಲ." ಅವನು ಹೆಲ್ಮೆಟ್ಟು ಹಿಡಿದವನಂತೆ ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡ. "ಬರುತ್ತೆ ಅಂತ ಎರಡು ವಾರ ಕಾಯ್ತಿದ್ದೆ. ಕೇಳೋಕೆ ನಾಚಿಕೆ ಆಗಿ ಸುಮ್ಮನಾದೆ."

"ಬಂದಿದ್ದರೆ?"

"ತಗೋತಿದ್ದೆ, ಮೇಡಮ್."

ವಕೀಲ ಕಣ್ಣು ಮುಚ್ಚಿಕೊಂಡ. ಓವೀಡ್ ಮೇಜಿನ ಮೇಲಿನ ಡಬ್ಬಿಯನ್ನು ನೋಡಿದ. ಹುಡುಗನನ್ನು ಉಳಿಸಲೆಂದು ಇಷ್ಟು ದೂರ ಬಂದರೆ, ಅವನು ತನ್ನ ಬಾಯಿಂದಲೇ ಹೀಗೆ ಹೇಳಬೇಕೆ? ಆದರೆ ಮರುಕ್ಷಣವೇ, ಈ ವಿಚಾರಣೆಯಲ್ಲಿ ಯಾವ ಪುರಾವೆಯೂ ಇಲ್ಲದ ತನ್ನ ತಪ್ಪನ್ನು ತಾನಾಗಿ ಹೇಳಿದ ಆಟಗಾರ ಈ ಹುಡುಗನೊಬ್ಬನೇ ಎಂದೂ ಅನ್ನಿಸಿತು.

ಮಧ್ಯಾಹ್ನ ತೀರ್ಪು ಕೊಟ್ಟರು. ಹೊಡೆದ ಆರೋಪವನ್ನೂ ಸುಳ್ಳು ಹೇಳಿದ ಆರೋಪವನ್ನೂ ತೆಗೆದುಹಾಕಿದರು. ಆದರೆ ಏಡಿಯ ಅರ್ಥ ಗೊತ್ತಿದ್ದೂ ಅದನ್ನು ಮೂರು ಪಂದ್ಯಗಳಲ್ಲಿ ತಲೆಯ ಮೇಲೆ ಹೊತ್ತು ಆಡಿದ್ದಕ್ಕೆ ಮೂರು ಪಂದ್ಯ ನಿಷೇಧ. ಎಷ್ಟು ದಿನ ಹೊತ್ತಿರೋ ಅಷ್ಟು ದಿನ ಹೊರಗಿರಿ, ಎಂದರು ಆಕೆ. ಹ್ಯಾಲೊವೇಯ ವಿಚಾರಣೆ ಮತ್ತೆ ನಡೆಯುತ್ತದೆ ಎಂದರು. ಡಬ್ಬಿಯನ್ನು ತಮ್ಮ ಬಳಿಯೇ ಇಟ್ಟುಕೊಂಡರು.

ಎಲ್ಲರೂ ಎದ್ದರು. ಓವೀಡ್ ಮಾತ್ರ ನಿಂತಲ್ಲೇ ನಿಂತಿದ್ದ.

"ನನಗೆ, ಮೇಡಮ್?"

"ನಿಮಗೇನು?"

"ಎಷ್ಟು ದಿನ ಹೊತ್ತಿದ್ರೋ ಅಷ್ಟು ದಿನ ಅಂದ್ರಲ್ಲ. ನಾನು ಆರು ವರ್ಷ ಅಂಟಿಸಿದ್ದೀನಿ."

ಆಕೆ ಕನ್ನಡಕ ತೆಗೆದರು. "ಲೀಗಿನ ನಿಯಮಪುಸ್ತಕದಲ್ಲಿ ಆಟಗಾರರಿದ್ದಾರೆ, ಕೋಚ್‌ಗಳಿದ್ದಾರೆ, ಮಾಲೀಕರಿದ್ದಾರೆ. ಸಾಮಾನು ನೋಡಿಕೊಳ್ಳುವವರು ಇಲ್ಲ. ನಿಮಗೆ ಶಿಕ್ಷೆ ಕೊಡೋ ಅಧಿಕಾರ ನನಗಿಲ್ಲ. ಊರಿಗೆ ಹೋಗಿ."

ಅದು ಕ್ಷಮೆಯೂ ಆಗಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಪುರ್ನೆಲ್ ಅವನ ಪಕ್ಕದಲ್ಲಿಯೇ ಕೂತ. ಬಸ್ಸು ಅಲಬಾಮ ಗಡಿ ದಾಟಿತು. ಆಮೇಲೆ ಹುಡುಗ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ:

"ಯಾಕೆ ಅಂಟಿಸಿದ್ರಿ ಮಾಮಾ?"

"ಅವರು ನಿನ್ನನ್ನ ಪಾದ್ರಿ ಅಂತಿದ್ರಲ್ಲ, ನೋಡೋಕಾಗ್ಲಿಲ್ಲ."

"ಪಾದ್ರಿಯಾಗೇ ಇದ್ದಿದ್ರೆ ಈ ಭಾನುವಾರ ಆಡ್ತಿದ್ದೆ." ಎಂದು ಅವನು ಸ್ವಲ್ಪ ನಕ್ಕ. ನಗು ಪೂರ್ತಿ ಬರಲಿಲ್ಲ.

ಮುಂದಿನ ಮೂರು ವಾರ ಓವೀಡ್ ಕ್ರೀಡಾಂಗಣಕ್ಕೆ ಹೋಗಲಿಲ್ಲ. ಸಂಬಳ ಹಿಡಿದುಕೊಳ್ಳಿ ಎಂದು ಕಚೇರಿಗೆ ಬರೆದುಕೊಟ್ಟ. ಅವರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಪತ್ರಿಕೆಯವರು ಮತ್ತೆ ಬರುತ್ತಾರೆ ಎಂಬ ಭಯವಿದ್ದಿರಬೇಕು. ಮನೆಯಲ್ಲಿ ಅವನು ಸುಮ್ಮನೆ ಅಂಗಳದಲ್ಲಿ ಕೂರುವುದನ್ನು ನೋಡಿ ಜೆಲ್ಮೀರ್ ರೇಗಿದಳು. "ಯಾರೂ ಕೊಡದ ಶಿಕ್ಷೇನ ಅಂಗಡೀಲಿ ಕೊಂಡು ತಂದಂಗೆ ತಂದಿದ್ದೀಯ. ಅದೂ ಮೂರೇ ವಾರದ್ದು!"

"ಆರು ವರ್ಷದ್ದು ಈ ವಯಸ್ಸಿಗೆ ಸಿಗಲ್ಲ ಕಣೇ."

"ಹಾಗಿದ್ರೆ ಉಳಿದದ್ದನ್ನ ಬೇರೆ ಥರ ತೀರ್ಸು. ಕೂತು ತೀರ್ಸಬೇಡ, ನನ್ನ ಗಿಡಕ್ಕೆ ಬಿಸಿಲು ಬೀಳಲ್ಲ."

ಆ ಮಾತು ಅವನ ತಲೆಯಲ್ಲಿ ಉಳಿಯಿತು. ಶಿಕ್ಷೆ ಎಲ್ಲರಿಗೂ ಹಂಚಿ ಮುಗಿದಿತ್ತು: ಕೋಚ್‌ಗೆ ಒಂದು ವರ್ಷ ಮತ್ತು ಮರುವಿಚಾರಣೆ, ಮಾಲೀಕನಿಗೆ ದಂಡ, ಆಟಗಾರರಿಗೆ ಪಂದ್ಯಗಳು. ಹೆಚ್ಚೋ ಕಡಿಮೆಯೋ ಎಂದು ಊರೆಲ್ಲ ಮಾತಾಡಿತು, ಕ್ಷೌರದಂಗಡಿಯಲ್ಲಿ ಜಗಳವೂ ಆಯಿತು. ಆದರೆ ಏಡಿಗಳಿಗಾಗಿ ಕೆಳಗೆ ಬಿದ್ದವರು ಈಗ ಹೇಗಿದ್ದಾರೆ ಎಂದು ಯಾರಾದರೂ ಕೇಳಿದ್ದನ್ನು ಓವೀಡ್ ಕಾಣಲಿಲ್ಲ. ತಾನೂ ಕೇಳಿರಲಿಲ್ಲ.

ನಾಲ್ಕನೆಯ ವಾರ ಕೆಲಸಕ್ಕೆ ಮರಳಿದ. ಹೊಸದಾಗಿ ಬಂದ ಕೋಚ್ ಒಳ್ಳೆಯ ಮನುಷ್ಯ. ಏಡಿಗಳ ಹಾಳೆಗಳನ್ನೆಲ್ಲ ಸುಡಿಸಿದ್ದ. ಕೊಕ್ಕರೆ ಮಾತ್ರ ಇರಲಿ ಎಂದಿದ್ದ. ಮಂಗಳವಾರದ ಚೀಟಿ ಎಂದಿನಂತೆ ಬಂತು. ಓವೀಡ್ ಅದನ್ನು ಓದಿ, ಕೊಕ್ಕರೆಯ ಹಾಳೆಯನ್ನು ಮುಟ್ಟದೆ ಫೋನ್ ಎತ್ತಿಕೊಂಡ. ಪ್ರತಿ ತಂಡದಲ್ಲೂ ಅವನಂಥ ಒಬ್ಬ ಮುದುಕ ಇರುತ್ತಾನೆ. ತಿರುಪು, ಪಟ್ಟಿ ಕಡಿಮೆ ಬಿದ್ದಾಗ ಒಬ್ಬರಿಂದೊಬ್ಬರು ಸಾಲ ತರುವವರು. ಎಲ್ಲರ ನಂಬರೂ ಎಲ್ಲರಿಗೂ ಗೊತ್ತು. ಭಾನುವಾರ ಬಿದ್ದವರು ಎದ್ದರೇ ಎಂದು ಕೇಳಿದ. ಎದ್ದರು ಎಂದ ಮೇಲೆ ಅಂಟಿಸಿದ. ಕೋಚ್‌ಗೆ ತಿಳಿದಾಗ, "ಇದೇನು ನಿಮ್ಮ ಹೊಸ ಕಾನೂನು?" ಎಂದು ಕೇಳಿದ. "ನನ್ನ ಕೋಣೆ ಮಟ್ಟಿಗೆ ಮಾತ್ರ," ಎಂದ ಓವೀಡ್.

ಹನ್ನೆರಡನೆಯ ಪಂದ್ಯದಲ್ಲಿ ಪುರ್ನೆಲ್ ಇಡೀ ಋತುವಿನಲ್ಲೇ ಅತಿ ಒಳ್ಳೆಯ ಆಟವಾಡಿದ. ಕೊನೆಯ ನಿಮಿಷದಲ್ಲಿ ಚೆಂಡು ಹಿಡಿದವನನ್ನು ಕೆಡವಿದ ಅವನ ಒಂದು ಹೊಡೆತದಿಂದಲೇ ಪಂದ್ಯ ಉಳಿಯಿತು; ರೆಫರಿಯೂ ತಪ್ಪೆನ್ನಲಿಲ್ಲ, ಎದುರಾಳಿಯ ಕೋಚ್ ಕೂಡ ತಪ್ಪೆನ್ನಲಿಲ್ಲ. ಬಿದ್ದವನಿಗೆ ಪುರ್ನೆಲ್ ಕೈಯನ್ನೂ ಕೊಟ್ಟ. ಅವನು ಎದ್ದು ನಾಲ್ಕು ಹೆಜ್ಜೆ ನಡೆದು ಕೂತುಬಿಟ್ಟ. ಮಂಗಳವಾರ ಚೀಟಿಯಲ್ಲಿ ಪುರ್ನೆಲ್ ಹೆಸರಿನ ಮುಂದೆ ಎರಡು ಕೊಕ್ಕರೆಗಳಿದ್ದವು. ಮುಂದಿನ ವರ್ಷದ ಒಪ್ಪಂದದ ಮಾತೂ ಎತ್ತಿದ್ದಾರೆ ಎಂದು ಸುದ್ದಿ. ಹುಡುಗ ಬೆಳಗ್ಗೆಯೇ ಓವೀಡನ ಕೋಣೆಗೆ ಬಂದ.

"ಎಲ್ಲಿ ಮಾಮಾ ನನ್ನ ಹಕ್ಕಿಗಳು?"

ಓವೀಡ್ ಫೋನ್ ಇಟ್ಟು ಅವನ ಕಡೆ ತಿರುಗಿದ. "ಇವತ್ತು ಇಲ್ಲ ಕಣೋ. ಆ ಹುಡುಗನಿಗೆ ಇನ್ನೂ ತಲೆ ಸುತ್ತು. ಬೆಳಕಿಗೆ ಕಣ್ಣು ಬಿಡೋಕಾಗ್ತಿಲ್ಲವಂತೆ."

"ಅದು ನ್ಯಾಯವಾದ ಹೊಡೆತ ಮಾಮಾ! ನೀವೇ ನೋಡಿದ್ರಿ."

"ನೋಡಿದೆ. ನಿನ್ನ ತಪ್ಪೇನೂ ಇಲ್ಲ."

"ಮತ್ತೆ?"

"ತಪ್ಪು ಇಲ್ಲ ಅಂತ ಗೊತ್ತು. ಅವನು ಎದ್ದ ದಿನ ಅಂಟಿಸ್ತೀನಿ. ಹಕ್ಕಿ ಎಲ್ಲೂ ಹಾರಿಹೋಗಲ್ಲ."

ಪುರ್ನೆಲ್‌ನ ಮುಖ ಬಿಗಿಯಿತು. ಬಾಗಿಲವರೆಗೆ ಹೋಗಿ ನಿಂತ. ಹೊರಗೆ ಹುಡುಗರು ಹೆಲ್ಮೆಟ್ಟು ತೊಟ್ಟು ಅಂಗಳಕ್ಕೆ ಇಳಿಯುತ್ತಿದ್ದರು. ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನು ಹೋಗಲಿಲ್ಲ. ಹಿಂದಕ್ಕೆ ಬಂದು, ಮೆತ್ತೆಗಳ ರಾಶಿಯನ್ನು ಪಕ್ಕಕ್ಕೆ ಸರಿಸಿ, ಬೆಂಚಿನ ಮೇಲೆ ಕೂತ.

"ಅವನ ಮನೆ ನಂಬರ್ ಇದೆಯಾ ನಿಮ್ಮ ಹತ್ರ?"

ಓವೀಡ್ ನಂಬರ್ ಬರೆದ ಕಾಗದವನ್ನು ಮುಂದೆ ತಳ್ಳಿದ. ಹುಡುಗ ಅದನ್ನು ಎರಡು ಸಲ ಓದಿ, ಒಂದೊಂದೇ ಅಂಕಿಯನ್ನು ಒತ್ತಿದ.